ನಾಲ್ಕು ಬೆರಳು ದೂರ

ಮೈಕಿಗೆ ಸ್ನಾನ ಮಾಡಿಸಿದ್ದೇ ತಪ್ಪಾಯಿತು.

ಸ್ನಾನ ಅಂದರೆ ಇಡೀ ಮೈಕಿಗಲ್ಲ, ತಲೆಗೆ ಮಾತ್ರ. ಮೈಕಿನ ತುದಿಯಲ್ಲಿ ಉಂಡೆಯ ಹಾಗೆ ಒಂದು ಉಕ್ಕಿನ ಜಾಲರಿ ಇರುತ್ತದಲ್ಲ, ಹಾಡುವವರ ಉಸಿರು, ಉಗುಳು, ತುಟಿಯ ಬಣ್ಣ ಎಲ್ಲ ಬಂದು ಕೂರುವುದು ಅಲ್ಲೇ. ಅದನ್ನು ಮೆಲ್ಲಗೆ ತಿರುಗಿಸಿ ಬಿಚ್ಚಬೇಕು. ಉಗುರುಬೆಚ್ಚಗಿನ ನೀರಿಗೆ ಎರಡೇ ಹನಿ ಸೋಪು ಹಾಕಿ, ಮಕ್ಕಳ ಹಲ್ಲುಜ್ಜುವ ಮೆತ್ತನೆ ಬ್ರಷ್ಷಿನಿಂದ ಉಜ್ಜಬೇಕು. ಒಳಗಿನ ಸ್ಪಂಜನ್ನು ಹಿಂಡದೆ ಅಂಗೈಯಲ್ಲಿ ಒತ್ತಿ ನೀರು ಇಳಿಸಬೇಕು. ಆಮೇಲೆ ನೆರಳಲ್ಲಿ ಒಣಗಿಸಬೇಕು. ಪೂರ್ತಿ ಒಣಗುವ ಮುಂಚೆ ತೊಡಿಸಿದಿರೋ, ತೇವ ಒಳಕ್ಕಿಳಿದು ಮೈಕಿಗೆ ನೆಗಡಿಯಾಗುತ್ತದೆ. ಇದು ಮೈಕಣ್ಣನ ಶಾಸ್ತ್ರ. ಇದರಲ್ಲಿ ಅವನು ಯಾರ ಮಾತನ್ನೂ ಕೇಳುವವನಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಇರಬಹುದು. ಉಳಿದವರಿಗೆಲ್ಲ ಅವನು ಮೈಕಣ್ಣ. ಪುರಭವನದಲ್ಲಿ ಯಾವ ಕಾರ್ಯಕ್ರಮವಾದರೂ ಧ್ವನಿಯ ವ್ಯವಸ್ಥೆ ಅವನದೇ. ಭಾಷಣಕ್ಕೆ, ಬಹುಮಾನ ಹಂಚುವುದಕ್ಕೆಲ್ಲ ಬೇರೆ ಮೈಕುಗಳಿದ್ದವು. ಹಾಡಿಗೆ ಮಾತ್ರ ಒಂದೇ ಮೈಕು. ಅದಕ್ಕೆ ಅದರದೇ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮಖಮಲ್ ಹಾಸಿಗೆ.

"ನಮ್ಮ ಮದುವೆಯಾಗಿ ಹದಿನೆಂಟು ವರ್ಷ ಆಯ್ತು," ಎಂದಳು ಹೆಂಡತಿ, ಅವತ್ತು ಬೆಳಿಗ್ಗೆ ಅವನು ಬ್ರಷ್ ಹಿಡಿದು ಕೂತಿದ್ದನ್ನು ನೋಡಿ. "ಒಂದು ದಿನ ನನ್ನ ತಲೆಗೆ ಒಂದು ತೊಟ್ಟು ಎಣ್ಣೆ ಹಚ್ಚಿದ್ದೀರಾ?"

"ನಿನ್ನ ತಲೆ ಹತ್ರ ದೊಡ್ಡ ಮೇಡಂ ಬಾಯಿ ಇಟ್ಟು ಹಾಡ್ತಾರಾ?"

"ಅವರಾದ್ರೂ ನಿಮ್ಮನ್ನ ಹೊಗಳಿದ್ದಾರಾ, ಹೇಳಿ ನೋಡೋಣ."

ಮೈಕಣ್ಣನ ಬ್ರಷ್ ನಿಂತುಬಿಟ್ಟಿತು. ಹೆಂಡತಿಯರಿಗೆ ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ ನೋಡಿ.

ದೊಡ್ಡ ಮೇಡಂ ಅಂದರೆ ಹಾಡುಗಾರ್ತಿ. ವಯಸ್ಸು ಅರವತ್ತೆಂಟು, ಎತ್ತರ ನಾಲ್ಕು ಮುಕ್ಕಾಲು ಅಡಿ, ಕೋಪ ಸದಾ ಮೂಗಿನ ತುದಿಯಲ್ಲಿ. ಆದರೆ ಆ ಕಂಠ! ಆಕೆ ಹಾಡಲು ಶುರುಮಾಡಿದರೆ ಬಾಗಿಲಲ್ಲಿ ನಿಂತವನು ಟಿಕೆಟ್ ಹರಿಯುವುದನ್ನೇ ಮರೆತು, ಬಂದವರನ್ನೆಲ್ಲ ಹಾಗೇ ಒಳಗೆ ಬಿಡುತ್ತಿದ್ದ. ಇಪ್ಪತ್ತೆರಡು ವರ್ಷ ಮೈಕಣ್ಣ ಆಕೆಗೆ ಮೈಕು ಇಟ್ಟಿದ್ದಾನೆ. ಇಪ್ಪತ್ತೆರಡು ವರ್ಷವೂ ಹಾಡು ಮುಗಿದ ಮೇಲೆ ಆಕೆ ಅವನನ್ನು ಹತ್ತಿರ ಕರೆದಿದ್ದಾರೆ. ಕರೆದದ್ದು ಬೈಯುವುದಕ್ಕೆ. "ಏನಪ್ಪಾ, ಡಬ್ಬದೊಳಗೆ ಕೂತು ಹಾಡಿದ ಹಾಗಿತ್ತಲ್ಲ." "ನಾನು ಮೇಲಕ್ಕೆ ಹೋದಾಗೆಲ್ಲ ನೀನು ನನ್ನ ಕತ್ತು ಹಿಸುಕ್ತೀಯಲ್ಲಯ್ಯಾ, ನಾನೇನು ನಿನ್ನ ಶತ್ರುನಾ?" ಇಂಥವು. ಮೈಕಣ್ಣನಿಗೆ ಸಿಟ್ಟು ಬರುತ್ತಿರಲಿಲ್ಲ. ಅಂಥ ಕಂಠಕ್ಕೆ ತಾನು ಸಾಲದು ಅಂತಲೇ ಅವನಿಗೆ ಅನ್ನಿಸುತ್ತಿತ್ತು. ಆದರೂ ಒಂದು ಆಸೆ ಇತ್ತು. ಒಂದೇ ಒಂದು ಸಲ ಆಕೆಯ ಬಾಯಲ್ಲಿ 'ಚೆನ್ನಾಗಿತ್ತು' ಅಂತ ಕೇಳಬೇಕು.

ಇವತ್ತು ಸಂಜೆ ಐದಕ್ಕೆ ಆಕೆಯ ಕೊನೆಯ ಕಾರ್ಯಕ್ರಮ. "ಇನ್ನು ವೇದಿಕೆ ಹತ್ತೋದಿಲ್ಲ" ಅಂತ ಹೇಳಿಬಿಟ್ಟಿದ್ದರು. ಇವತ್ತು ಆ ಮಾತು ಬರಲಿಲ್ಲ ಅಂದರೆ ಇನ್ನು ಬರುವ ಹಾಗೇ ಇಲ್ಲ.

ಅದಕ್ಕೇ ಈ ಸ್ನಾನ. ತೊಳೆದ ಜಾಲರಿಯನ್ನು ಬಾಗಿಲ ಮುಂದಿನ ಕಟ್ಟೆಯ ಮೇಲೆ, ಒಗೆದ ಟವೆಲಿನ ಮೇಲೆ ಮಲಗಿಸಿ, ಮೈಕಣ್ಣ ತಾನೂ ಸ್ನಾನಕ್ಕೆ ಹೋದ. ಬಂದು ನೋಡಿದರೆ ಟವೆಲ್ ಇದೆ, ಜಾಲರಿ ಇಲ್ಲ!

ಕಟ್ಟೆಯ ಕೆಳಗೆ ನೋಡಿದ, ಹೂಕುಂಡದಲ್ಲಿ ನೋಡಿದ, ಕಾಗೆ ಕಚ್ಚಿಕೊಂಡು ಹೋಯಿತೇನೋ ಅಂತ ಮೇಲೂ ನೋಡಿದ. ಅಷ್ಟರಲ್ಲಿ ಪಕ್ಕದ ಮನೆಯ ಅಡಿಗೆಮನೆಯಿಂದ ಯಾರೋ ಟೀ ಸೊರ್ ಅಂತ ಹೀರುವ ಸದ್ದು ಕೇಳಿತು. ಅವನಿಗೆ ಏನು ಹೊಳೆಯಿತೋ, ಒದ್ದೆ ತಲೆಯಲ್ಲೇ ಅಲ್ಲಿಗೆ ಓಡಿದ.

ಪಕ್ಕದ ಮನೆ ಅಕ್ಕ ಒಲೆಯ ಮುಂದೆ ನಿಂತಿದ್ದಳು. ಅವಳ ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಮೈಕಿನ ತಲೆ. ತಲೆಯ ತುಂಬ ಟೀಪುಡಿ.

"ಅಕ್ಕಾ!"

"ಬಾರಪ್ಪಾ, ಒಂದು ಲೋಟ ಕುಡಿ. ನಿನ್ನ ಹೆಂಡ್ತಿ ಟೀ ಸೋಸೋಕೆ ಹೊಸದೇನೋ ತಂದಿದ್ದಾಳೆ ನೋಡು, ಎಷ್ಟು ಚೆನ್ನಾಗಿ ಸೋಸುತ್ತೆ! ನಮ್ಮದು ತೂತು ಬಿದ್ದಿದೆ. ಒಂದು ಸಲಕ್ಕೆ ತಾನೇ ಅಂತ ತಗೊಂಡು ಬಂದೆ. ಒಳಗೊಂದು ಹಾಳು ಸ್ಪಂಜು ಇತ್ತು, ಕಿತ್ತು ಅಲ್ಲಿಟ್ಟಿದ್ದೀನಿ."

ಸ್ಪಂಜಿನಿಂದ ಆಗಲೇ ಒಲೆಯ ಪಕ್ಕದ ಕಲ್ಲನ್ನು ಒರೆಸಿ ಆಗಿತ್ತು.

ಟೀ ಹೀರುತ್ತಿದ್ದವನು ಲಿಫ್ಟ್ ಮಾವ. ಮೇಲಿನ ಮನೆಯವನು. ಒಂದು ದೊಡ್ಡ ಆಫೀಸಿನಲ್ಲಿ ಮೂವತ್ತು ವರ್ಷ ಲಿಫ್ಟ್ ಓಡಿಸಿ ನಿವೃತ್ತನಾಗಿದ್ದ. ಬೆಳಗಿನ ಟೀ ಅಕ್ಕನ ಮನೆಯಲ್ಲಿ, ಪೇಪರ್ ಮೈಕಣ್ಣನ ಮನೆಯಲ್ಲಿ, ಉಪದೇಶ ಎಲ್ಲರ ಮನೆಯಲ್ಲಿ. "ಏನೇ ಹೇಳಿ," ಎಂದ ಮಾವ ಲೋಟ ಕೆಳಗಿಟ್ಟು, "ಇಷ್ಟು ಗಮ್ಮನೆ ಟೀ ನಾನು ಜನ್ಮದಲ್ಲಿ ಕುಡಿದಿಲ್ಲ."

ಆ ಗಮಲಿನಲ್ಲಿ ಎಷ್ಟು ಜನ ಗಾಯಕರ ಪಾಲಿದೆ ಅಂತ ಹೇಳುವುದಕ್ಕೆ ಮೈಕಣ್ಣನಿಗೆ ಮನಸ್ಸು ಬರಲಿಲ್ಲ.

ಮತ್ತೆ ನೀರು ಕಾಯಿಸಿದ್ದಾಯಿತು, ಮತ್ತೆ ಉಜ್ಜಿದ್ದಾಯಿತು. ಜಾಲರಿಯ ಒಂದೊಂದು ಕಣ್ಣಿನಿಂದಲೂ ಟೀಪುಡಿಯನ್ನು ಸೂಜಿಯಲ್ಲಿ ತೆಗೆಯುವಷ್ಟರಲ್ಲಿ ಹನ್ನೆರಡು ಗಂಟೆ. ಪೆಟ್ಟಿಗೆಯಲ್ಲಿ ಹೊಸ ಸ್ಪಂಜು ಒಂದಿತ್ತು, ಪುಣ್ಯ. ಜಾಲರಿಯನ್ನು ಫ್ಯಾನಿನ ಕೆಳಗೆ ಇಟ್ಟು ಹೆಂಡತಿಯನ್ನು ಕಾವಲು ನಿಲ್ಲಿಸಿದ. ಅವಳು ಬಾಯಲ್ಲಿ ಗೊಣಗಿದರೂ ಕೈಯಲ್ಲಿ ಒಂದೂವರೆ ಗಂಟೆ ಅದನ್ನು ತಿರುಗಿಸಿ ತಿರುಗಿಸಿ ಒಣಗಿಸಿದಳು. ಕೊನೆಗೆ ತನ್ನ ಕೆನ್ನೆಗೆ ಒತ್ತಿ ನೋಡಿ, "ಒಂದು ಚೂರೂ ತೇವ ಇಲ್ಲ, ತಗೊಳ್ಳಿ" ಎಂದಳು. ಮೈಕಣ್ಣ ಜಾಲರಿ ತೊಡಿಸಿ, ಮೈಕನ್ನು ಮಖಮಲ್ಲಿನಲ್ಲಿ ಮಲಗಿಸಿ ಹೊರಟ.

"ನಾನೂ ಬರ್ತೀನಿ," ಎಂದ ಲಿಫ್ಟ್ ಮಾವ, ಆಗಲೇ ಚಪ್ಪಲಿ ಹಾಕಿಕೊಂಡು. "ಇವತ್ತು ನಿನಗೆ ಒಬ್ಬರು ಜೊತೆಗಿರಬೇಕು. ನಿನ್ನ ಕೆಲಸದಲ್ಲಿ ಇರೋದಾದ್ರೂ ಏನು, ಗುಂಡಿ ತಾನೇ? ಗುಂಡಿ ಒತ್ತೋದು ನನಗೇನು ಹೊಸದಾ?"

"ಒತ್ತೋ ಗುಂಡಿ ಅಲ್ಲ ಮಾವ, ತಿರುಗಿಸೋ ಗುಂಡಿ."

"ಒತ್ತಕ್ಕೆ ಬರೋನಿಗೆ ತಿರುಗಿಸೋಕೆ ಬರಲ್ವಾ!"

ಬೇಡ ಅಂದರೆ ಬಿಡುವ ಪೈಕಿಯೇ ಅಲ್ಲ. ಬಂದ.

ಪುರಭವನದಲ್ಲಿ ಮೈಕಣ್ಣ ಮೈಕನ್ನು ಪೆಟ್ಟಿಗೆಯಿಂದ ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸಿ, ಸಭೆಯ ಹಿಂಭಾಗದಲ್ಲಿದ್ದ ತನ್ನ ಮಿಕ್ಸರಿನ ಹತ್ತಿರ, ಅಂದರೆ ಧ್ವನಿ ಏರಿಸಿ ಇಳಿಸುವ ಗುಂಡಿಗಳ ಪೆಟ್ಟಿಗೆಯ ಹತ್ತಿರ, ಬಂದು ಕೂತ. ಕೂತನೋ ಇಲ್ಲವೋ, ಸ್ಪೀಕರಿನಲ್ಲಿ ಢಬ್ ಢಬ್ ಅಂತ ಗುಂಡು ಹಾರಿಸಿದ ಹಾಗೆ ಸದ್ದಾಯಿತು. ಕಾರ್ಯಕ್ರಮ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿಗಳು ವೇದಿಕೆಯ ಮೇಲೆ ನಿಂತು ಉಂಗುರದ ಬೆರಳಿನಿಂದ ಮೈಕಿನ ತಲೆಗೆ ಕುಟ್ಟುತ್ತಿದ್ದರು. ಕುಟ್ಟಿ ಸಾಲದೆ ಬಾಯಿ ಹಚ್ಚಿ "ಫೂ! ಫೂ!" ಅಂತ ಊದಿದರು.

ಮೈಕಣ್ಣ ಅಷ್ಟು ದೂರದಿಂದ ಓಡಿಬಂದ. "ಸಾರ್, ಸಾರ್! ಊದಬೇಡಿ ಸಾರ್!"

"ಊದದೆ ಹೇಗಯ್ಯಾ ಗೊತ್ತಾಗೋದು, ಇದು ಬದುಕಿದೆಯೋ ಇಲ್ವೋ ಅಂತ?"

"ಮಾತಾಡಿ ಸಾರ್. ನಿಮ್ಮನ್ನ ಯಾರಾದ್ರೂ ಬದುಕಿದ್ದೀರಾ ಅಂತ ಕೇಳೋಕೆ ಕಿವಿಗೆ ಊದ್ತಾರಾ?"

ಕಾರ್ಯದರ್ಶಿಗಳು ಮುಖ ಗಂಟು ಹಾಕಿಕೊಂಡು ಹೋದರು. ಅವರ ಬೆನ್ನಿಗೇ ನಿರೂಪಣೆ ಮಾಡುವ ಹುಡುಗಿ ಬಂದು, ತನ್ನ ಮೈಕನ್ನು ಬಿಟ್ಟು ಇದನ್ನೇ ಕಿತ್ತು, ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು "ಆತ್ಮೀಯರೇ" ಅಂದಳು. ಕುಯ್ಯೋ ಅಂತ ಇಡೀ ಭವನ ಕಿರುಚಿತು. ಕುರ್ಚಿ ಜೋಡಿಸುತ್ತಿದ್ದವರು ಕುರ್ಚಿ ಬಿಟ್ಟು ಕಿವಿ ಮುಚ್ಚಿಕೊಂಡರು.

"ಅಯ್ಯೋ, ಇದೇನು ಸಾರ್ ನಿಮ್ಮ ಮೈಕು ಹೀಗೆ ಅರಚುತ್ತೆ!"

"ಮೂಗು ಬಾಯಿ ಎರಡೂ ಮುಚ್ಚಿ ಹಿಡಿದರೆ ನೀವೂ ಅರಚ್ತೀರಮ್ಮಾ. ತಲೆ ಬಿಟ್ಟು ಕೆಳಗೆ ಹಿಡೀರಿ. ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಅಲ್ಲ, ನೀವು ಹಿಡಿಯೋದೇ ಬೇಡ, ಕೊಡಿ ಇಲ್ಲಿ."

ಮೈಕನ್ನು ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸಿ, ಜಾಲರಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಸ್ಟ್ಯಾಂಡಿನ ಎತ್ತರವನ್ನು ನಾಲ್ಕು ಮುಕ್ಕಾಲು ಅಡಿಯ ಮೇಡಂಗೆ ಅಳೆದು ನಿಲ್ಲಿಸಿದ. ಪಿಟೀಲಿನವರನ್ನೇ ಕರೆದು ಮೇಡಂ ಜಾಗದಲ್ಲಿ ನಿಲ್ಲಿಸಿ, ಒಂದೆರಡು ಸಾಲು ಹಾಡಿಸಿ, ಗುಂಡಿಗಳನ್ನೆಲ್ಲ ಹದಕ್ಕೆ ತಂದ. ಎಲ್ಲ ಸರಿಯಾಯಿತು. ನಾಲ್ಕೂವರೆಗೆ ಒಂದು ಲೋಟ ನೀರು ಕುಡಿಯೋಣ ಅಂತ ಹೊರಗೆ ಹೋದ.

ಅದೇ ಹೊತ್ತಿಗೆ, ಹಿಂದಿನ ಪರದೆಗೆ ಚೌಕಟ್ಟು ಹೊಡೆಯುತ್ತಿದ್ದ ಬಡಗಿಯ ಕಣ್ಣಿಗೆ ಸ್ಟ್ಯಾಂಡು ಬಿತ್ತು. ಕೊಳವೆಯೊಳಗೆ ಕೊಳವೆ, ನಡುವೆ ತಿರುಗಿಸಿ ಬಿಗಿ ಮಾಡುವ ಒಂದು ಬಿರಡೆ. ಬಡಗಿ ಒಳ್ಳೆಯವನೇ. ಏನನ್ನೇ ನೋಡಿದರೂ ಸಡಿಲವಾಗಿದೆ ಅನ್ನಿಸುವುದೊಂದೇ ಅವನ ಕಾಯಿಲೆ. ಇಕ್ಕಳ ಹಿಡಿದು ಆ ಬಿರಡೆಯನ್ನು ಒಂದು ಸುತ್ತು ಬಿಗಿದ. ಇನ್ನೂ ಭದ್ರವಾಗಿರಲಿ ಅಂತ ಇನ್ನೊಂದು ಸುತ್ತು. ಮೂರನೇ ಸುತ್ತಿಗೆ ಕಟಕ್ ಎಂದಿತು.

ಮೈಕಣ್ಣ ವಾಪಸು ಬಂದಾಗ ಮೈಕು ವೇದಿಕೆಯ ಮೇಲೆ ಮಂಡಿಯೆತ್ತರಕ್ಕೆ ಇಳಿದು ತಪ್ಪು ಮಾಡಿದವರ ಹಾಗೆ ನಿಂತಿತ್ತು. ಮೇಲೆತ್ತಿದ. ಜರ್ರ್ ಅಂತ ಇಳಿಯಿತು. ಟೇಪು ಸುತ್ತಿದ. ಎರಡು ನಿಮಿಷ ನಿಂತು, ಅವನು ಉಸಿರು ಬಿಟ್ಟ ಕೂಡಲೇ ಜರ್ರ್ ಅಂತ ಇಳಿಯಿತು.

"ನಾನು ಸ್ವಲ್ಪ ಗಟ್ಟಿ ಮಾಡಿದೆ ಅಣ್ಣಾ," ಎಂದ ಬಡಗಿ, ಹೆಮ್ಮೆಯಿಂದಲೇ.

ಅಷ್ಟೆತ್ತರದ್ದು ಇನ್ನೊಂದೇ ಒಂದು ಸ್ಟ್ಯಾಂಡು ಇತ್ತು. ಅದಕ್ಕೆ ಒರಗಿಸಿ ಕಾರ್ಯದರ್ಶಿಗಳು ದೊಡ್ಡ ಮೇಡಂ ಅವರ ಆಳೆತ್ತರದ ಫೋಟೋ ನಿಲ್ಲಿಸಿದ್ದರು. "ಕೊನೆಯ ಕಾರ್ಯಕ್ರಮದ ದಿನ ಅವರ ಫೋಟೋ ನೆಲಕ್ಕೆ ಹಾಕ್ತೀಯಾ? ಏನಂತ ಅರ್ಥ ಅದರದ್ದು?" ಅಂತ ಕಣ್ಣು ಬಿಟ್ಟರು. ಹಾಗಾದರೆ ಕೈಯಲ್ಲಿ ಹಿಡಿದು ಹಾಡಲಿ ಅಂತ ನಿರೂಪಣೆಯ ಹುಡುಗಿ ಹೇಳಿದಳು. ಆ ಮಾತನ್ನು ಹತ್ತು ವರ್ಷದ ಹಿಂದೆ ಒಬ್ಬರು ಮೇಡಂ ಮುಂದೆಯೇ ಹೇಳಿದ್ದರು. "ಕೈಯಲ್ಲಿ ಹಿಡಿದು ನೆಕ್ಕೋಕೆ ಇದೇನು ಐಸ್‌ಕ್ರೀಮಾ?" ಅಂತ ಆಕೆ ಕೇಳಿದ ಮೇಲೆ ಅವರು ಪುರಭವನದ ಕಡೆಗೇ ಬಂದಿಲ್ಲ.

ಐದಕ್ಕೆ ಹತ್ತು ನಿಮಿಷ. ಸಭೆ ತುಂಬಿ, ಗೋಡೆಯ ಪಕ್ಕ ಜನ ನಿಂತುಕೊಂಡರು. ಮೇಡಂ ಆಗಲೇ ಬಂದು ಒಳಗಿನ ಕೋಣೆಯಲ್ಲಿ ಬಿಸಿನೀರು ಕುಡಿಯುತ್ತಿದ್ದಾರೆ. ಇಳಿಬಿಟ್ಟ ಮುಂದಿನ ಪರದೆಯ ಹಿಂದೆ ಮೈಕಣ್ಣ ತಲೆಯ ಮೇಲೆ ಕೈ ಹೊತ್ತು ವೇದಿಕೆಯ ಮೇಲೆ ಕೂತುಬಿಟ್ಟ. ಕೂತಾಗ ಅವನಿಗೆ ಕಂಡದ್ದು ಮೇಜು. ಮೇಡಂ ನಿಲ್ಲುವ ಜಾಗದ ಮುಂದೆ, ನೀರಿನ ಹೂಜಿಗೂ ಹೂದಾನಿಗೂ ಅಂತ ಹಾಕಿದ್ದ ಪುಟ್ಟ ಮೇಜು. ಜನರ ಕಡೆಗೆ ಅದರ ಬಟ್ಟೆ ನೆಲದವರೆಗೆ ಇಳಿಬಿದ್ದಿತ್ತು.

ಸ್ಟ್ಯಾಂಡನ್ನು ಆ ಮೇಜಿಗೆ ಒತ್ತಿ ನಿಲ್ಲಿಸಿ, ತಾನು ಮೇಜಿನ ಕೆಳಗೆ ಕೂತು, ಹಿಂದಿನಿಂದ ಕೈ ಹಾಕಿ ಕೊಳವೆಯನ್ನು ಎತ್ತಿ ಹಿಡಿದರೆ?

"ಬಡಗೀನ ಕೂರಿಸೋಣ ಬಿಡಯ್ಯಾ, ಅವನೇ ತಾನೇ ಮುರಿದದ್ದು," ಎಂದರು ಕಾರ್ಯದರ್ಶಿಗಳು.

"ನನ್ನ ಮೈಕು ಅವನ ಕೈಗಾ? ಸಾಧ್ಯವೇ ಇಲ್ಲ ಸಾರ್."

ಹಾಗಾದರೆ ಮಿಕ್ಸರಿನ ಮುಂದೆ ಯಾರು? ಈ ಪ್ರಶ್ನೆ ಬರುವುದನ್ನೇ ಮೂವತ್ತು ವರ್ಷದಿಂದ ಕಾಯುತ್ತಿದ್ದವನ ಹಾಗೆ ಲಿಫ್ಟ್ ಮಾವ ಆ ಕುರ್ಚಿಯಲ್ಲಿ ಕೂತಾಗಿತ್ತು. ಮೈಕಣ್ಣ ಅಲ್ಲಿಗೆ ಓಡಿ ಎರಡೂ ಕೈ ಜೋಡಿಸಿದ. "ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಎಲ್ಲ ಹೊಂದಿಸಿ ಇಟ್ಟಿದ್ದೀನಿ. ಏನನ್ನೂ ಮುಟ್ಟಬೇಡಿ. ಯಾರೂ ಹತ್ರ ಬರದ ಹಾಗೆ ಸುಮ್ಮನೆ ಕೂತ್ಕೊಳ್ಳಿ, ಅಷ್ಟೇ."

"ಸುಮ್ಮನೆ? ಇಷ್ಟೊಂದು ಗುಂಡಿ ಇಟ್ಕೊಂಡು ಸುಮ್ಮನೆ?"

"ಹೌದು ಮಾವ."

ಮಾವನ ಕಣ್ಣು ಗುಂಡಿಗಳ ಮೇಲೆ ಹರಿದಾಡಿದ್ದನ್ನು ಮೈಕಣ್ಣ ನೋಡಿದ. ಆದರೆ ಒಂದೇ ದೇಹ, ಎರಡು ಕಡೆ ಇರಲಾರದು. ಗುಂಡಿ ಕೆಟ್ಟರೆ ಧ್ವನಿ ಕೆಡಬಹುದು. ಮೈಕು ಇಳಿದರೆ ಮಾನವೇ ಹೋಗುತ್ತದೆ. ಅವನು ವೇದಿಕೆಗೆ ವಾಪಸು ಓಡಿ, ಪರದೆ ಏಳುವ ಮುಂಚೆ ಮೇಜಿನ ಕೆಳಗೆ ತೂರಿಕೊಂಡ.

ಪರದೆ ಎದ್ದಿತು. ಚಪ್ಪಾಳೆ ಬಿತ್ತು. ಮೇಡಂ ಬಂದು ನಿಂತರು. ಬೇರೆಯವರ ಲೆಕ್ಕಕ್ಕೆ ಬಂದದ್ದು ಮೇಡಂ, ಮೈಕಣ್ಣನಿಗೆ ಬಂದದ್ದು ಎರಡು ಪಾದಗಳು. ಮೇಜಿನ ಹಿಂದೆಯೂ ಬಟ್ಟೆ ಎಳೆದು ಮುಚ್ಚಿ, ಕೈಗೆಂದು ಬಿಟ್ಟಿದ್ದ ಗೇಣಗಲದ ಸಂದಿಯಲ್ಲಿ ಅವೆರಡೇ ಕಾಣುತ್ತಿದ್ದದ್ದು. ಪುಟ್ಟ ಪಾದಗಳು. ಆಕೆ ಎಂದಿನಂತೆ ಕಣ್ಣು ಮುಚ್ಚಿಕೊಂಡೇ ಹಾಡಲು ಶುರುಮಾಡಿದರು.

ಮೊದಲ ಹತ್ತು ನಿಮಿಷ ಮೈಕಣ್ಣನಿಗೆ ಹಾಡು ಕಿವಿಗೇ ಬೀಳಲಿಲ್ಲ. ಈಗ ಮಾವ ಮುಟ್ಟಿದ, ಈಗ ತಿರುಗಿಸಿದ, ಇನ್ನೇನು ಕುಯ್ಯೋ ಎನ್ನುತ್ತದೆ ಅಂತ ಹಲ್ಲು ಕಚ್ಚಿ ಕೂತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ. ಆದರೆ ಏನೂ ಆಗಲಿಲ್ಲ. ನಿಧಾನವಾಗಿ ಅವನ ಹಲ್ಲು ಸಡಿಲವಾಯಿತು.

ಆಗ ಅವನು ಆ ಪಾದಗಳನ್ನು ನೋಡಿದ. ಇಪ್ಪತ್ತೆರಡು ವರ್ಷ ಆಕೆಯ ಮುಖ ನೋಡಿಕೊಂಡು ಗುಂಡಿ ತಿರುಗಿಸಿದ್ದ. ಪಾದ ನೋಡಿರಲಿಲ್ಲ. ಸ್ವರ ಮೇಲಕ್ಕೆ ಹೊರಡುವ ಒಂದು ಕ್ಷಣ ಮೊದಲೇ ಆಕೆಯ ಹಿಮ್ಮಡಿ ನೆಲದಿಂದ ಒಂದಿಷ್ಟು ಏಳುತ್ತಿತ್ತು. ದನಿ ಪಿಸುಮಾತಿನಷ್ಟು ಸಣ್ಣದಾಗುವ ಮುಂಚೆ ಎಡಗಾಲಿನ ಹೆಬ್ಬೆರಳು ಒಳಕ್ಕೆ ಮಡಿಚಿಕೊಳ್ಳುತ್ತಿತ್ತು. ಮುಖದಲ್ಲಿ ಎಂದೂ ಕಾಣದ ಗುಟ್ಟನ್ನೆಲ್ಲ ಆ ಪಾದ ಮೊದಲೇ ಹೇಳಿಬಿಡುತ್ತಿತ್ತು!

ಮೈಕಣ್ಣನ ಕೈ ತಾನಾಗೇ ಕೆಲಸ ಶುರುಮಾಡಿತು. ಹಿಮ್ಮಡಿ ಎದ್ದರೆ ಸ್ಟ್ಯಾಂಡನ್ನು ಎರಡು ಬೆರಳಿನಷ್ಟು ಹಿಂದಕ್ಕೆ ವಾಲಿಸಿದ, ಆ ದೊಡ್ಡ ದನಿ ಮೈಕಿಗೆ ಬಡಿಯದೆ ಸಭೆಯ ಮೇಲೆ ಹರಿಯಿತು. ಹೆಬ್ಬೆರಳು ಮಡಿಚಿದರೆ ಮುಂದಕ್ಕೆ ತಂದ, ಆಕೆಯ ಉಸಿರು ಕೂಡ ಕೊನೆಯ ಸಾಲಿಗೆ ತಲುಪಿತು. ಎಷ್ಟು ಎತ್ತರಕ್ಕೆ ಹೋದರೂ ಕತ್ತು ಹಿಸುಕಿದ ಹಾಗಾಗಲಿಲ್ಲ. ಇಷ್ಟು ವರ್ಷ ತಾನು ಮಾಡಿದ್ದೇನು ಅಂತ ಅವನಿಗೆ ಆಗ ಹೊಳೆಯಿತು. ಆಕೆಯ ದನಿಯ ಹಿಂದೆ ಗುಂಡಿ ಹಿಡಿದು ಓಡಿದ್ದೇ ಓಡಿದ್ದು, ಆಕೆ ಮೇಲೆ ಮುಟ್ಟಿ ಕೆಳಗೆ ಇಳಿದ ಮೇಲೆ ತಾನು ಅಲ್ಲಿಗೆ ತಲುಪುತ್ತಿದ್ದ. ಬೈದದ್ದರಲ್ಲಿ ತಪ್ಪೇನಿತ್ತು?

ಒಂದು ವಿಳಂಬದ ಹಾಡು ಬಂತು. ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಲಗಿದ ಹಾಗಿತ್ತು ಅದನ್ನು ಕೇಳುವುದು. ಅವನ ಬಲಗೈ ಮರಗಟ್ಟಿತು, ಎಡಗೈಗೆ ಬದಲಾಯಿಸಿದ. ಕಾಲು ಜೋಮು ಹಿಡಿದು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇಲ್ಲ. ಎಂಥ ಹೆಂಗಸಪ್ಪಾ ಈಕೆ, ಎಂಥ ಕಂಠ! ಬೈದರೂ ಸರಿ, ಹೊಡೆದರೂ ಸರಿ, ಹೀಗೇ ಹಾಡುತ್ತಿರಲಿ ಅಂತ ಅನ್ನಿಸಿತು ಅವನಿಗೆ.

ಒಂದೂವರೆ ಗಂಟೆಯ ಮೇಲೆ ಹಾಡು ಮುಗಿಯಿತು. ಆಮೇಲೆ ಬಿದ್ದ ಚಪ್ಪಾಳೆಗೆ ಮೇಜಿನ ಮೇಲಿನ ಹೂಜಿ ನಡುಗಿದ್ದು ಮೈಕಣ್ಣನ ತಲೆಗೆ ತಿಳಿಯಿತು.

"ಕೂತ್ಕೊಳ್ಳಿ, ಒಂದು ಮಾತು ಹೇಳ್ಬೇಕು," ಎಂದರು ಮೇಡಂ, ಮೈಕಿನಲ್ಲೇ. ಅವನು ಸ್ಟ್ಯಾಂಡನ್ನು ನಾಲ್ಕು ಬೆರಳಿನ ದೂರಕ್ಕೆ ಸರಿಯಾಗಿ ತಂದು ಹಿಡಿದ. "ನಾನು ಐವತ್ತು ವರ್ಷ ಹಾಡಿದ್ದೀನಿ. ನನ್ನ ದನಿ ನನಗೇ ಇವತ್ತು ಮೊದಲನೇ ಸಲ ಸರಿಯಾಗಿ ಕೇಳಿಸ್ತು. ಅಷ್ಟು ಚೆನ್ನಾಗಿತ್ತು ಮೈಕು."

ಮೈಕಣ್ಣನಿಗೆ ಆ ಮಾತು ಕೇಳಿಸಿತು. ಬಂತಲ್ಲ! ಇಪ್ಪತ್ತೆರಡು ವರ್ಷದ ಮೇಲೆ ಬಂದೇ ಬಂತಲ್ಲ! ಎದ್ದು ಹೊರಗೆ ಬರೋಣವೆಂದರೆ ಕಾಲು ಎಲ್ಲಿದೆಯೋ ಗೊತ್ತಿಲ್ಲ. ಕೈ ಬಿಟ್ಟರೆ ಮೈಕು ಜರ್ರೆಂದು ಇಳಿದು ಮಾತು ಅರ್ಧಕ್ಕೇ ನಿಲ್ಲುತ್ತದೆ. ಹಾಗೇ ಕೂತ.

"ಹಿಂದೆ ಆ ಪೆಟ್ಟಿಗೆ ಮುಂದೆ ಕೂತಿದ್ದಾರಲ್ಲ, ದೊಡ್ಡವರು," ಎಂದರು ಮೇಡಂ. "ಅವರು ಯಾರು? ದಯವಿಟ್ಟು ಎದ್ದು ನಿಲ್ಲಬೇಕು."

ಸಾವಿರ ತಲೆ ಹಿಂದಕ್ಕೆ ತಿರುಗಿದವು. ಲಿಫ್ಟ್ ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿ, ಗಲ್ಲ ಕೆಳಗೆ ಬಿಟ್ಟು, ಗಾಢನಿದ್ದೆಯಲ್ಲಿದ್ದ. ಮೊದಲ ಹಾಡಿನ ಮೊದಲ ಸಾಲಿಗೇ ಹೋದವನು. ಪಕ್ಕದವರು ಭುಜ ಹಿಡಿದು ಅಲ್ಲಾಡಿಸಿದರು. ಮಾವ ಧಡಕ್ಕನೆ ಎದ್ದು ನಿಂತು, ಮೂವತ್ತು ವರ್ಷದ ಅಭ್ಯಾಸದಿಂದ, "ಯಾವ ಮಹಡಿ ಸಾರ್?" ಅಂದ.

ಭವನ ಗೊಳ್ಳೆಂದು ನಕ್ಕಿತು. ಮೇಡಂ ಮಾತ್ರ ಗದ್ಗದಿತರಾದರು. "ನೋಡಿ! ನನ್ನ ಹಾಡು ಯಾವ ಎತ್ತರಕ್ಕೆ ಹೋಯ್ತು ಅಂತ ಎಷ್ಟು ಚಮತ್ಕಾರವಾಗಿ ಹೇಳಿದ್ರು! ನಾನು ನಡುವೆ ಒಂದೆರಡು ಸಲ ಕಣ್ಣು ತೆಗೆದು ನೋಡಿದೆ. ಇವರು ಕಣ್ಣು ಮುಚ್ಚಿ, ಕೈ ಕಟ್ಟಿ, ಹಾಗೇ ಕೇಳ್ತಾ ಕೂತಿದ್ರು. ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಇದಪ್ಪಾ ವಿದ್ಯೆ ಅಂದ್ರೆ!"

ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿಗಳು ಓಡಿಹೋಗಿ ಮಾವನ ಕೈ ಕುಲುಕಿದರು. ಮೇಜಿನ ಕೆಳಗೆ ಮೈಕಣ್ಣ ಕೊಳವೆ ಹಿಡಿದೇ ಇದ್ದ. ಬಿಟ್ಟುಬಿಡಲೇ ಅಂತ ಒಂದು ಯೋಚನೆ ಬಂತು. ಒಂದು ಬೆರಳು ಸಡಿಲ ಬಿಟ್ಟರೆ ಸಾಕು, ಹೊಗಳಿಕೆ ಅಲ್ಲಿಗೇ ಕುಸಿಯುತ್ತಿತ್ತು. ಆದರೆ ಆಕೆಯ ಹಿಮ್ಮಡಿ ಏಳುವುದು ಕಾಣಿಸಿತು, ಏನೋ ದೊಡ್ಡದು ಹೇಳಲಿದ್ದಾರೆ. ಆ ಹಾಳು ಕೈ ಸ್ಟ್ಯಾಂಡನ್ನು ಎರಡು ಬೆರಳು ಹಿಂದಕ್ಕೆ ವಾಲಿಸಿತು, ಬೇರೆಯವನ ಹೊಗಳಿಕೆ ಕೊನೆಯ ಸಾಲಿಗೂ ಸೊಗಸಾಗಿ ಕೇಳಲಿ ಅಂತ.

"ಇದು ಕೊನೆಯ ಕಾರ್ಯಕ್ರಮ ಅಂದಿದ್ದೆ. ವಾಪಸ್ ತಗೊಂಡೆ! ಇನ್ನು ಪ್ರತಿ ತಿಂಗಳು ಇಲ್ಲಿ ಹಾಡ್ತೀನಿ. ಒಂದೇ ಷರತ್ತು, ಆ ಕುರ್ಚಿಯಲ್ಲಿ ಇವರೇ ಕೂರಬೇಕು. ಅಂದ ಹಾಗೆ, ಅವನೆಲ್ಲಿ, ಆ ನಮ್ಮ ಮೈಕಣ್ಣ? ಕಾಣ್ತಾನೇ ಇಲ್ಲ. ಪಾಪ, ಇವತ್ತಾದ್ರೂ ನನ್ನ ಹತ್ರ ಸುಳಿಯದೆ ದೂರ ಇದ್ದನಲ್ಲ, ಪುಣ್ಯಾತ್ಮ. ಅವನಿಗೂ ಒಂದು ನಮಸ್ಕಾರ."

ಪರದೆ ಬಿತ್ತು. ಜನ ಕರಗಿದ ಮೇಲೆ ಮೈಕಣ್ಣ ಮೊಣಕೈ ಊರಿ ಮೇಜಿನಡಿಯಿಂದ ಹೊರಗೆ ತೆವಳಿದ. ಮೊದಲು ಮೈಕನ್ನು ಬಿಡಿಸಿ, ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿದ. ಆಮೇಲೆ ಕಾಲು ತಿಕ್ಕಿಕೊಳ್ಳುತ್ತಾ ಕೂತ. ಬಡಗಿ ಬಂದು ನಿಂತ. "ಅಣ್ಣಾ, ನನ್ನದೇ ತಪ್ಪು. ನಾಳೆ ಹೊಸ ಬಿರಡೆ ಹಾಕಿ ಕೊಡ್ತೀನಿ. ಕಲ್ಲಿನ ಹಾಗೆ ನಿಲ್ಲುತ್ತೆ."

ಮೈಕಣ್ಣ ತಲೆಯೆತ್ತಿ ನೋಡಿದ. ಕಲ್ಲಿನ ಹಾಗೆ ನಿಂತರೆ ಹಿಮ್ಮಡಿ ಎದ್ದಾಗ ಹಿಂದಕ್ಕೆ ವಾಲುವವರು ಯಾರು?

"ಬೇಡಪ್ಪಾ," ಎಂದ. "ಹಾಗೇ ಇರಲಿ."

ಅಷ್ಟರಲ್ಲಿ ಲಿಫ್ಟ್ ಮಾವ ಬಂದ. ಕೈಯಲ್ಲಿ ಹೂಗುಚ್ಛ, ಮುಖದಲ್ಲಿ ಗಾಬರಿ. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೈಕಣ್ಣನ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ.

"ಲೋ, ಏನೋ ಎಡವಟ್ಟಾಗಿದೆ ಕಣೋ. ಮುಂದಿನ ತಿಂಗಳೂ ನಾನೇ ಕೂರಬೇಕಂತೆ. ನನಗೆ ನಿಜವಾಗ್ಲೂ ಏನೂ ಗೊತ್ತಿಲ್ಲ. ಯಾವ ಗುಂಡಿ ಏನು ಅಂತ ಒಂಚೂರು ಹೇಳಿಕೊಡೋ."

ಮೈಕಣ್ಣ ಪೆಟ್ಟಿಗೆಯ ಮುಚ್ಚಳ ಹಾಕಿ ಚಿಲಕ ಸಿಕ್ಕಿಸಿದ.

"ಏನೂ ಬೇಡ ಮಾವ," ಎಂದ. "ನೀವು ಇವತ್ತಿನ ಹಾಗೇ ನಿದ್ದೆ ಮಾಡಿ. ಕೆಳಗೆ ನಾನಿರ್ತೀನಿ."